ಜಿಟಿಜಿಟಿ ಮಳೆಯ ದಿನ ನೃಪತುಂಗ ಬೆಟ್ಟ: ನಾವು ಹೋಗುವ ರೀತಿ

ಮಳೆಯಲ್ಲಿ ಪಾರ್ಕಿಗೆ ಹೊರಡುವವರು ಛತ್ರಿಯ ಚಿಂತೆ ಮಾಡುತ್ತಾರೆ. ಕೆಲಸ ಕೆಡಿಸುವುದು ಕಾಲಡಿಯ ನೆಲ. ಧಾರವಾಡದ ಪಶ್ಚಿಮಕ್ಕೆ ಹೆಚ್ಚಾಗಿ ಮಸಾರಿ, ಅಂದರೆ ಕೆಂಪು ಮಣ್ಣು; ಹುಬ್ಬಳ್ಳಿ ದಾಟಿ ಮೂಡಲಕ್ಕೆ ಹೋದಂತೆ ಎರೆ, ಅಂದರೆ ಕಪ್ಪು ಮಣ್ಣು. ಮಸಾರಿ ನೆಲದಲ್ಲಿ ಮಳೆ ನಿಂತ ಅರ್ಧ ಗಂಟೆಗೆಲ್ಲ ನಡೆಯಬಹುದು. ಎರೆ ಮಣ್ಣು ನೀರು ಕುಡಿದು ಉಬ್ಬಿ, ಚಪ್ಪಲಿಯ ಕೆಳಗೆ ಇನ್ನೊಂದು ಅಟ್ಟೆಯನ್ನೇ ಕಟ್ಟುತ್ತದೆ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಚಪ್ಪಲಿಯ ಉಂಗುಟ ಕಿತ್ತು ಕೈಗೆ ಬರುತ್ತದೆ. ಬೆಟ್ಟದ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ಅದಕ್ಕೇ ನಮ್ಮ ಆಯ್ಕೆ ಹುಬ್ಬಳ್ಳಿಯ ನೃಪತುಂಗ ಬೆಟ್ಟ. ಮೇಲೆ ನಿಂತರೆ ಉಣಕಲ್ ಕೆರೆ ಮಂಜಿನಲ್ಲಿ ಮುಚ್ಚಿ ತೆರೆದು ಆಟ ಆಡುವುದು ಕಾಣುತ್ತದೆ.

ಪುನರ್ವಸು, ಪುಷ್ಯ ಮಳೆಗಳು ಇದಕ್ಕೆ ಹೇಳಿ ಮಾಡಿಸಿದವು, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಆರಂಭದವರೆಗೆ. ಹನಿ ಸಣ್ಣದು, ಗುಡುಗು ಅಪರೂಪ. ಮೇ ತಿಂಗಳ ಅಡ್ಡಮಳೆಯಲ್ಲಿ ಹೋಗಬೇಡಿ. ಆಗ ಗಾಳಿ, ಸಿಡಿಲು, ಒಮ್ಮೊಮ್ಮೆ ಆಣೆಕಲ್ಲು (ಆಲಿಕಲ್ಲು). ಗುಡುಗು ಕೇಳಿಸಿತೆಂದರೆ ಬೆಟ್ಟ ಇಳಿದು ಕಟ್ಟಡದ ಒಳಗೆ ಅಥವಾ ಕಾರಿನೊಳಗೆ ಸೇರಬೇಕು, ಮರದ ಕೆಳಗಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು.

ಮೇಲೆ ಪಡುವಣ ಗಾಳಿ ಛತ್ರಿಯನ್ನು ತಿರುಗಾಮುರುಗಾ ಮಾಡುತ್ತದೆ. ಪ್ಯಾಂಟಿರುವ ರೇನ್‌ಕೋಟ್ ಒಳ್ಳೆಯದು. ಜೀನ್ಸ್ ಬೇಡ: ಒಮ್ಮೆ ತೊಯ್ದರೆ ಸಂಜೆಯವರೆಗೂ ಒಣಗದೆ ತೊಡೆ ಕೊರೆಯುತ್ತದೆ. ಹವಾಯಿ ಚಪ್ಪಲಿ ಹಿಂದಿನಿಂದ ರಾಡಿ ಎರಚಿ ಬೆನ್ನಿನವರೆಗೆ ಚುಕ್ಕೆ ಇಡುತ್ತದೆ, ಪಾಚಿ ಹಿಡಿದ ಮೆಟ್ಟಿಲಲ್ಲಿ ಜಾರುವುದೂ ಅದೇ. ಹಿಮ್ಮಡಿಗೆ ಪಟ್ಟಿ ಇರುವ, ಅಟ್ಟೆಯ ಗೀರು ಸವೆಯದ ಸ್ಯಾಂಡಲ್ ಹಾಕಿ. ಒಣ ಬಟ್ಟೆ, ಟವೆಲ್ಲು ವಾಹನದಲ್ಲೇ ಇರಲಿ, ಮೇಲೆ ಹೊತ್ತು ತರುವುದು ವ್ಯರ್ಥ.

ಇನ್ನು ಗಿರ್ಮಿಟ್, ಅಂದರೆ ಚುರಮುರಿಗೆ (ಮಂಡಕ್ಕಿಗೆ) ಗೊಜ್ಜು ಕಲಸಿದ ತಿನಿಸು. ಮನೆಯಲ್ಲಿ ಕಲಸಿ ತಂದರೆ ಅದು ಗಿರ್ಮಿಟ್ ಅಲ್ಲ, ಮುದ್ದೆ. ತೇವದ ಗಾಳಿಗೆ ಚುರಮುರಿ ತಾನೇ ಮೆತ್ತಗಾಗುತ್ತದೆ, ಹಾಗಾಗಿ ಎಲ್ಲ ಬೇರೆ ಬೇರೆ ಒಯ್ದು ಅಲ್ಲೇ ಕಲಸುತ್ತೇವೆ. ನಾಲ್ಕು ಜನಕ್ಕೆ 150 ಗ್ರಾಂ ಚುರಮುರಿ ಸಾಕು. ಬೆಳಿಗ್ಗೆ ಒಣ ಬಾಂಡಲಿಯಲ್ಲಿ ಸಣ್ಣ ಉರಿಗೆ ಮೂರು ನಿಮಿಷ ಆಡಿಸಿ, ಪೂರ್ತಿ ಆರಿದ ಮೇಲೆ ಬಿಗಿ ಡಬ್ಬಿಗೆ ಹಾಕಬೇಕು. ಬಿಸಿಯಲ್ಲಿ ಮುಚ್ಚಿದರೆ ಅದರದೇ ಹಬೆಗೆ ಮೆತ್ತಗಾಗುತ್ತದೆ.

ಗೊಜ್ಜಿಗೆ ಮೂರು ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಎರಡು ಉಳ್ಳಾಗಡ್ಡಿ, ಅರಿಶಿನ. ಉಳ್ಳಾಗಡ್ಡಿ ಬಾಡಿದ ಮೇಲೆ ಲಿಂಬೆ ಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ, ಅದರ ಅರ್ಧದಷ್ಟು ಬೆಲ್ಲ, ಉಪ್ಪು. ಎಣ್ಣೆ ಅಂಚಿಗೆ ಬಿಡುವವರೆಗೆ ಕುದಿಸಿ. ಸೌಟು ಎಳೆದರೆ ಬಾಂಡಲಿಯ ತಳ ಒಂದು ಕ್ಷಣ ಕಾಣಬೇಕು. ಗೊಜ್ಜು ತೆಳುವಾದರೆ ಮುಂದೆ ಏನು ಮಾಡಿದರೂ ಚುರಮುರಿ ಉಳಿಯುವುದಿಲ್ಲ.

ಮೇಲೆ ಹೋದ ಮೇಲೆ ಮೊದಲು ಚುರಮುರಿಗೆ ಗೊಜ್ಜು. ಕೈಯಿಂದ ಹಗುರವಾಗಿ ಕಲಸಿ, ಹಿಚುಕಬೇಡಿ. ಅನಂತರ ನಾಲ್ಕು ಚಮಚ ಪುಠಾಣಿ (ಹುರಿಗಡಲೆ) ಹಿಟ್ಟು. ಹೆಚ್ಚಿನ ಪಸೆಯನ್ನು ಅದು ಹೀರುತ್ತದೆ. ಹಸಿ ಉಳ್ಳಾಗಡ್ಡಿಯನ್ನು ಇಡಿಯಾಗಿ ಒಯ್ದು ಅಲ್ಲೇ ಹೆಚ್ಚಬೇಕು, ಮನೆಯಲ್ಲಿ ಹೆಚ್ಚಿದ್ದು ನೀರು ಬಿಟ್ಟು ವಾಸನೆ ಹಿಡಿಯುತ್ತದೆ. ಟೊಮೆಟೊ ಬೀಜ ತೆಗೆದು ಹಾಕಿ. ಸೇವು, ಕೊತ್ತಂಬರಿ ಕಡೆಗೆ. ಐದು ನಿಮಿಷದೊಳಗೆ ತಿಂದು ಮುಗಿಸಿ, ಎರಡನೇ ಸರತಿಗೆ ಮತ್ತೆ ಕಲಸಿಕೊಳ್ಳಿ. ಮಿರ್ಚಿ ಭಜಿಯನ್ನು ಡಬ್ಬಿಯಲ್ಲಿ ತರುವ ಸಾಹಸ ನಾವು ಮಾಡುವುದಿಲ್ಲ. ಇಳಿದ ಮೇಲೆ ಕೆಳಗಿನ ಗಾಡಿಯಲ್ಲಿ ಬಿಸಿ ಬಿಸಿ.

ಹುಡುಗರಿಗೆ ದೋಣಿ. ಸುದ್ದಿಪತ್ರಿಕೆಯ ಹಾಳೆ ಬೇಗ ನೆನೆದು ಕುಸಿಯುತ್ತದೆ. ಹಳೆಯ ಕ್ಯಾಲೆಂಡರಿನ ನುಣುಪು ಹಾಳೆ ಮಡಚಿ, ತಳಕ್ಕೆ ಮೇಣದಬತ್ತಿ ಉಜ್ಜಿದರೆ ಬಹಳ ಹೊತ್ತು ತೇಲುತ್ತದೆ. ದಾರಿಯ ಬದಿಯ ಹರಿವೇ ಸಾಕು, ಕೆರೆಯ ಅಂಚಿಗೆ ಬೇಡ. ದೋಣಿ ಬಿಡುವಾಗ ಹುಡುಗರಿಗೆ ಹೇಳಲು ಒಂದು ಮಾತಿದೆ: ಇಲ್ಲಿಯ ನೀರು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯ ದಾರಿ ಹಿಡಿದು ಬಂಗಾಳ ಕೊಲ್ಲಿಗೆ, ಧಾರವಾಡದ ಪಡುವಣ ಇಳಿಜಾರಿನದು ಶಾಲ್ಮಲೆಯ ಮೂಲಕ ಅರಬ್ಬಿ ಸಮುದ್ರಕ್ಕೆ. ಆಟ ಮುಗಿದ ಮೇಲೆ ಒದ್ದೆ ಹಾಳೆಗಳನ್ನು ಹೆಕ್ಕಿ ಚೀಲಕ್ಕೆ ಹಾಕುವ ಕೆಲಸವೂ ಅವರದೇ.

ಮನೆಗೆ ಬಂದು ಬಟ್ಟೆಯ ಎರೆ ರಾಡಿಯನ್ನು ಹಸಿಯಿದ್ದಾಗ ಉಜ್ಜಬೇಡಿ, ನೂಲಿನೊಳಗೆ ಇಳಿಯುತ್ತದೆ. ಒಣಗಲಿ, ಬ್ರಶ್‌ನಿಂದ ಉದುರಿಸಿ, ಆಮೇಲೆ ನೆನೆಹಾಕಿ. ಶೂ ಹಾಕಿಕೊಂಡು ಹೋಗಿದ್ದರೆ ಒಳಗೆ ಪೇಪರು ತುರುಕಿ ಫ್ಯಾನಿನ ಕೆಳಗೆ ಇಡಿ, ಮಲಗುವ ಮುಂಚೆ ಒಮ್ಮೆ ಪೇಪರು ಬದಲಿಸಿ.