ಮಳೆಗೂ ಉಪ್ಪುಗಾಳಿಗೂ ಬಾಳುವ ಹಬ್ಬದ ಅಲಂಕಾರ

ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ, ನಮ್ಮ ಉತ್ತರ ಕನ್ನಡದಲ್ಲಿ ಹಬ್ಬದ ಅಲಂಕಾರವನ್ನು ಕೈಯಾರೆ ಮಾಡುವವರು ಬಣ್ಣಕ್ಕಿಂತ ಮೊದಲು ತೇವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾರವಾರದ ಕಡೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ. ಚೌತಿ ಬರುವುದು ಆ ಮಳೆ ಇನ್ನೂ ಮುಗಿಯದ ಭಾದ್ರಪದದಲ್ಲಿ, ದೊಡ್ಡಹಬ್ಬವೆನ್ನುವ ದೀಪಾವಳಿ ಬರುವುದು ಗಾಳಿ ಒಣಗತೊಡಗಿದ ಮೇಲೆ, ಕ್ರಿಸ್‌ಮಸ್ ಬರುವುದು ಡಿಸೆಂಬರಿನ ಚಳಿಯಲ್ಲಿ. ಆದುದರಿಂದ ಚೌತಿಗೆ ಬಟ್ಟೆ, ದೀಪಾವಳಿಯಿಂದ ಮುಂದಕ್ಕೆ ಕಾಗದ ಎಂಬ ಕ್ರಮವನ್ನು ನಾನು ಎಷ್ಟೋ ವರ್ಷಗಳಿಂದ ಪಾಲಿಸಿಕೊಂಡು ಬಂದಿದ್ದೇನೆ. ಸೊಸೆಯಂದಿರಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ.

ಚೌತಿಯ ಮಂಟಪಕ್ಕೆ ಕ್ರೇಪ್ ಕಾಗದ ತರಬೇಡಿರಿ. ಅದು ತೇವ ತಾಗಿದೊಡನೆ ಬಣ್ಣ ಬಿಡುತ್ತದೆ. ಸುಣ್ಣದ ಗೋಡೆಯ ಮೇಲೆ ಕೆಂಪು ಇಳಿಯಿತೆಂದರೆ ಮತ್ತೊಮ್ಮೆ ಸುಣ್ಣ ಬಳಿಯುವವರೆಗೂ ಹೋಗುವುದಿಲ್ಲ. ಥರ್ಮೋಕೋಲ್ ತೇವಕ್ಕೆ ಕೆಡುವುದಿಲ್ಲವೆಂಬುದು ನಿಜ, ಆದರೆ ಒಡೆದು ಕಾಳುಕಾಳಾಗಿ ಅಂಗಳ, ತೋಟ, ಕೊನೆಗೆ ಹೊಳೆಯನ್ನು ಸೇರುವ ಆ ವಸ್ತುವನ್ನು ದೇವರ ಮುಂದೆ ಇಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಇವೆರಡಕ್ಕೂ ಬದಲಾಗಿ ಫೆಲ್ಟ್ ಬಟ್ಟೆಯನ್ನು ಬಳಸಿರಿ. ಫೆಲ್ಟನ್ನು ನೇಯುವುದಿಲ್ಲ, ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ ಒತ್ತಿ ಹಾಳೆ ಮಾಡಿರುತ್ತಾರೆ. ಹೀಗಾಗಿ ಎಲ್ಲಿ ಕತ್ತರಿಸಿದರೂ ಅಂಚಿನಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ, ಮಡಿಚಿ ಹೊಲಿಯುವ ಅಗತ್ಯವೂ ಇಲ್ಲ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಪಾಲಿಯೆಸ್ಟರ್ ಫೆಲ್ಟ್ ನಮ್ಮ ಹವೆಗೆ ಉಣ್ಣೆಯದಕ್ಕಿಂತ ಒಳ್ಳೆಯದು, ಏಕೆಂದರೆ ಉಣ್ಣೆ ತೇವವನ್ನು ಹೀರಿಕೊಳ್ಳುತ್ತದೆ, ಹುಳವೂ ಅದಕ್ಕೆ ಬೇಗ ಬೀಳುತ್ತದೆ.

ಫೆಲ್ಟಿನಲ್ಲಿ ಮೊದಲು ಮಾಡಿ ನೋಡಬೇಕಾದುದು ಮಾವಿನೆಲೆಯ ತೋರಣ. 90 ಸೆಂಟಿಮೀಟರ್ ಅಗಲದ ಬಾಗಿಲಿಗೆ 5 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದದ 15 ಎಲೆಗಳು ಸರಿಯಾಗುತ್ತವೆ. ಎಲೆಗೂ ಎಲೆಗೂ ನಡುವೆ ಒಂದು ಸೆಂಟಿಮೀಟರ್ ಬಿಡಬೇಕು. ಒಂದೇ ಹಸಿರಿನಲ್ಲಿ ಎಲ್ಲವನ್ನೂ ಕತ್ತರಿಸದೆ, ಹತ್ತು ಎಲೆ ಗಾಢ ಹಸಿರಿನಲ್ಲಿಯೂ ಉಳಿದವನ್ನು ಮಾವಿನ ಚಿಗುರಿನ ತಾಮ್ರಗೆಂಪಿನಲ್ಲಿಯೂ ಮಾಡಿದರೆ ತೋರಣಕ್ಕೆ ಜೀವ ಬರುತ್ತದೆ. ನಡುವಿನ ನರವನ್ನು ಹಳದಿ ನೂಲಿನಲ್ಲಿ ಹೊಲಿಯುವಾಗ ತೊಟ್ಟಿನಿಂದ ತುದಿಗೆ ಬಂದ ನೂಲನ್ನು ಗಂಟು ಹಾಕುವ ಮೊದಲು ತುಸು ಜಗ್ಗಿರಿ. ಚಪ್ಪಟೆಯಾಗಿದ್ದ ಎಲೆ ಆಗ ನರದ ಉದ್ದಕ್ಕೂ ಸಣ್ಣಗೆ ಸುಕ್ಕಾಗಿ ಒಳಕ್ಕೆ ಬಾಗುತ್ತದೆ. ಮೇಲುಪಟ್ಟಿಗೆ ಹರಿದ ಸೀರೆಯ ಜರಿ ಅಂಚು ಸಾಕು. ಕಡಲ ಬದಿಯ ಮನೆಗಳಲ್ಲಿ ಗಾಳಿಗೆ ತೋರಣ ಮೇಲಕ್ಕೆ ಮಗುಚಿಕೊಳ್ಳುವುದುಂಟು. ಅದಕ್ಕೆ ಪ್ರತಿ ಎಲೆಯ ತುದಿಗೂ ಹಳೆಯ ಕಾಲ್ಗೆಜ್ಜೆಯಿಂದ ಬಿಡಿಸಿದ ಒಂದೊಂದು ಗೆಜ್ಜೆಯನ್ನು ಹೊಲಿದರೆ ಭಾರಕ್ಕೂ ಆಯಿತು, ನಾದಕ್ಕೂ ಆಯಿತು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆಯ ಬಟ್ಟೆಗಳಿಂದ ಹೊಲಿಯುವ ಕೌದಿಯ ಮೂಲೆಗಳಲ್ಲಿ ಫೂಲ ಎಂಬ ಮುಕ್ಕೋನದ ಮಡಿಕೆಗಳನ್ನು ಕೂರಿಸುತ್ತಾರೆ. ಚೌಕ ತುಂಡನ್ನು ಮೂಲೆಯಿಂದ ಮೂಲೆಗೆ ಒಮ್ಮೆ, ಮತ್ತೊಮ್ಮೆ ಮಡಿಚಿದರೆ ಅದೇ ಬಗೆಯ ಮುಕ್ಕೋನ ಸಿದ್ಧವಾಗುತ್ತದೆ. ಎರಡು ಮೂರು ಬಣ್ಣದವನ್ನು ಒಂದರೊಳಗೊಂದು ಸಿಕ್ಕಿಸಿ ತೋರಣದ ಎರಡು ಕೊನೆಗಳಿಗೂ ಹೊಲಿದು ನೋಡಿರಿ, ಬಹಳ ಚಂದ ಕಾಣುತ್ತದೆ. ಆದರೆ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಮಾತ್ರ ಬಟ್ಟೆಯ ಕಾಯಿ, ಕಾಗದದ ಹೂವು ಬೇಡ. ಅಡಿಕೆ ಗೊನೆ, ಮೊಗೆಕಾಯಿ, ಹಾಗಲಕಾಯಿ, ಮಾದಲಕಾಯಿ, ಬೇಲಿಯ ಗೌರಿ ಹೂವು ಇವೆಲ್ಲ ಆ ಕಾಲದಲ್ಲಿ ಬೆಳೆದು ನಿಂತಿರುವುದಕ್ಕಾಗಿಯೇ ಅಲ್ಲಿ ತೂಗಬೇಕಾದವು.

ಹಳೆಯ ವಸ್ತುಗಳನ್ನು ಆರಿಸುವಾಗ ಕಬ್ಬಿಣವನ್ನು ದೂರವಿಡಿರಿ. ಸ್ಟೇಪ್ಲರ್ ಪಿನ್ನು, ಗುಂಡುಸೂಜಿ, ಕಟ್ಟುವ ತಂತಿ ಇವು ಉಪ್ಪುಗಾಳಿಗೆ ತುಕ್ಕು ಹಿಡಿದು, ಬಟ್ಟೆಯ ಮೇಲೆ ಉಳಿಸುವ ಕಂದು ಕಲೆಯನ್ನು ತೆಗೆಯುವುದು ಕಷ್ಟ. ಗುಜರಿ ಅಂಗಡಿಯಲ್ಲಾಗಲಿ, ಮೋಟಾರಿಗೆ ವೈಂಡಿಂಗ್ ಮಾಡುವವರಲ್ಲಾಗಲಿ ಕೇಳಿದರೆ ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಸಿಗುತ್ತದೆ. ಅದು ತುಕ್ಕು ಹಿಡಿಯುವುದಿಲ್ಲ, ಕೈಯಿಂದಲೇ ಬಾಗುತ್ತದೆ. ಒಡೆದ ಹಿತ್ತಾಳೆ ದೀಪದ ಸರಪಳಿ, ಪರದೆಯ ಬಳೆ, ಜೋಡಿ ತಪ್ಪಿದ ಗಾಜಿನ ಬಳೆ, ಇವನ್ನೂ ಬಿಡಬೇಡಿರಿ. ಕಡಲತೀರದಲ್ಲಿ ಆರಿಸಿದ ಚಿಪ್ಪುಗಳನ್ನಂತೂ ಸಿಹಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ನೀರು ಬದಲಿಸಿ ಮತ್ತೆ ನೆನೆಸಿ, ನೆರಳಿನಲ್ಲಿ ಒಣಗಿಸಿಯೇ ಪೋಣಿಸಬೇಕು. ಚಿಪ್ಪಿನಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಅಂಟು ಬಿಟ್ಟುಕೊಳ್ಳುವುದೂ ಹತ್ತಿಯ ದಾರ ಮುಗ್ಗಿ ಕಡಿಯುವುದೂ ಅದರಿಂದಲೇ. ಚಿಪ್ಪಿಗೆ ಗಾಳದ ನೈಲಾನ್ ದಾರವೇ ಸರಿ.

ಇನ್ನು ದೀಪಾವಳಿಯ ಆಕಾಶಬುಟ್ಟಿ. ಇದಕ್ಕೆ 20 ಸೆಂಟಿಮೀಟರ್ ಉದ್ದದ 24 ಬಿದಿರ ಕಡ್ಡಿಗಳು ಬೇಕು. ಹಸಿ ಬಿದಿರನ್ನು ಸೀಳುವ ಮೊದಲು ಹರಿಯುವ ನೀರಿನಲ್ಲಿ ಒಂದರಿಂದ ಮೂರು ತಿಂಗಳು ಮುಳುಗಿಸಿಟ್ಟರೆ ಹುಳಕ್ಕೆ ಆಹಾರವಾಗುವ ಪಿಷ್ಟ ತೊಳೆದುಹೋಗುತ್ತದೆ. ಹಾಗೆ ಮಾಡಿದ ಚೌಕಟ್ಟು ಹಲವು ವರ್ಷ ಬಾಳುತ್ತದೆ. ನಾಲ್ಕು ನಾಲ್ಕು ಕಡ್ಡಿ ಸೇರಿಸಿ ಆರು ಚೌಕಗಳನ್ನು ಮೊದಲು ಕಟ್ಟಿ ಮುಗಿಸಿರಿ. ಬಿಡಿ ಚೌಕ ಓರೆಯಾಗಿ ವಾಲುವುದು ಸಹಜವಾದುದರಿಂದ ಪ್ರತಿಯೊಂದಕ್ಕೂ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ದಾರಗಳನ್ನು ಬಿಗಿದು ಕಟ್ಟಬೇಕು. ಬಳಿಕ ಒಂದು ಚೌಕವನ್ನು ನೆಲದ ಮೇಲಿಟ್ಟು, ಅದರ ನಾಲ್ಕು ಮೂಲೆಗಳಿಗೆ ನಾಲ್ಕು ಚೌಕಗಳನ್ನು, ಪ್ರತಿಯೊಂದೂ ತನ್ನ ಒಂದು ಮೂಲೆಯ ಮೇಲೆ ನಿಲ್ಲುವಂತೆ ಕಟ್ಟಿರಿ. ನಿಂತ ನಾಲ್ಕು ಚೌಕಗಳ ಬದಿಯ ಮೂಲೆಗಳನ್ನು ಒಂದಕ್ಕೊಂದು ಬಿಗಿದು, ಮೇಲಿನ ಮೂಲೆಗಳಿಗೆ ಆರನೆಯ ಚೌಕವನ್ನು ಕೂರಿಸಿದರೆ ಒಟ್ಟು ಹನ್ನೆರಡು ಗಂಟುಗಳಲ್ಲಿ ಬುಟ್ಟಿ ಎದ್ದು ನಿಲ್ಲುತ್ತದೆ. ಚೌಕಗಳ ನಡುವೆ ಎಂಟು ಮುಕ್ಕೋನಗಳು ತಾವಾಗಿಯೇ ಮೂಡುತ್ತವೆ. ಮಕ್ಕಳ ಕೈಯಲ್ಲಿ ಇದನ್ನು ಕಟ್ಟಿಸಿರಿ, ಆ ಮುಕ್ಕೋನಗಳು ಕಂಡಾಗ ಅವರಿಗಾಗುವ ಸಂತೋಷವೇ ಬೇರೆ.

ಕಾಗದ ಅಂಟಿಸಲು ಒಂದು ಅಳತೆ ಮೈದಾಕ್ಕೆ ನಾಲ್ಕೈದು ಅಳತೆ ನೀರು ಹಾಕಿ ತಣ್ಣಗಿರುವಾಗಲೇ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕಾಯಿಸಿದ ಅಂಟು ಧಾರಾಳ ಸಾಕು. ಅದಕ್ಕೆ ಜಿರಲೆಯೂ ಬೂಸಲೂ ಬರದಂತೆ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಸೇರಿಸುವುದು ವಾಡಿಕೆ. ಕೊಳೆರೋಗಕ್ಕೆ ಮದ್ದು ಹೊಡೆಯುವ ಅಡಿಕೆ ತೋಟದವರ ಮನೆಯಲ್ಲಿ ಅದು ಹೇಗೂ ಇರುತ್ತದೆ. ಅದು ವಿಷ. ಅಂಟು ತಣ್ಣಗಾದ ಮೇಲೆ, ಬಿಸಾಡುವಂಥ ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಅದರಲ್ಲೇ ಬೆರೆಸಬೇಕು, ಅಡುಗೆಯ ಪಾತ್ರೆ ಸೌಟುಗಳಿಗೆ ಸೋಕಿಸಬಾರದು. ಮಕ್ಕಳು ಅಂಟಿಸುವವರಿದ್ದರೆ ಮೈಲುತುತ್ತವೇ ಬೇಡ. ಗಾಳಿಪಟದ ಬಿಳಿ ಕಾಗದವನ್ನು ಅಂಟಿಸಿ ಒಣಗಿದ ಮೇಲೆ ಮಂಜಿನಂತೆ ನೀರು ಸಿಂಪಡಿಸಿದರೆ, ನೀರು ಆರುತ್ತ ಬಂದಂತೆ ಸುಕ್ಕುಗಳು ಮಾಯವಾಗಿ ಕಾಗದ ಬಿಗಿಯಾಗುತ್ತದೆ. ಬಣ್ಣದ ಕಾಗದವಾದರೆ ಮೊದಲು ಒಂದು ತುಂಡಿನ ಮೇಲೆ ಪರೀಕ್ಷಿಸಿ ನೋಡಬೇಕು. ಕೆಳಗಿನ ಚೌಕವನ್ನು ತೆರೆದೇ ಬಿಟ್ಟು, ಮೇಲಿನಿಂದ ಸಣ್ಣ ಎಲ್‌ಇಡಿ ಬಲ್ಬನ್ನು ಇಳಿಸಿರಿ.

ಕಾರವಾರದ ಕ್ರೈಸ್ತ ಮನೆಗಳಲ್ಲಿ ಡಿಸೆಂಬರಿನಲ್ಲಿ ತೂಗುವ ನಕ್ಷತ್ರಕ್ಕೂ ಇದೇ ಬಿದಿರು, ಇದೇ ಅಂಟು ನಡೆಯುತ್ತದೆ. ಬಾಲಯೇಸುವಿನ ಗೋದಲಿಗೆ ಬೇಕಾದ ಹುಲ್ಲು ಆಗ ತಾನೇ ಕೊಯ್ಲು ಮುಗಿದ ಗದ್ದೆಯಲ್ಲಿ ಸಿಗುತ್ತದೆ. ಕುರಿ, ಕತ್ತೆ, ದೇವದೂತರನ್ನು ಚೌತಿಯಲ್ಲಿ ಉಳಿದ ಫೆಲ್ಟಿನ ಚೂರುಗಳಿಂದ ಹೊಲಿಯಬಹುದು, ಒಳಗೆ ತುಂಬಲು ಆ ಚೂರುಗಳ ಚೂರೇ ಆಗುತ್ತದೆ.

ಹಬ್ಬ ಕಳೆದ ಮೇಲೆ ಫೆಲ್ಟನ್ನು ಒಂದು ಬಿಸಿಲು ಕಾಣಿಸಿ, ತಣ್ಣಗಾದ ಮೇಲೆ ಹಳೆಯ ಪತ್ರಿಕೆಗಳ ನಡುವೆ ಹಾಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿರಿ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟುಕೊಂಡು ಅದರೊಳಗೆ ಹಾಕಬಹುದು. ಆಕಾಶಬುಟ್ಟಿಯ ಕಾಗದವನ್ನು ಇಟ್ಟುಕೊಳ್ಳಲು ಹೆಣಗಬೇಡಿರಿ. ಒದ್ದೆ ಬಟ್ಟೆಯಿಂದ ಅಂಟನ್ನು ನೆನೆಸಿ ಕಾಗದ ಕಿತ್ತು, ಕಡ್ಡಿಗಳನ್ನು ಒರೆಸಿ ಒಣಗಿಸಿ, ಬರಿಯ ಚೌಕಟ್ಟನ್ನು ಅಟ್ಟದಲ್ಲಿ ನೇತುಹಾಕಿದರೆ ಮುಂದಿನ ವರ್ಷ ಹೊಸ ಕಾಗದದ ಖರ್ಚಷ್ಟೇ ಬರುತ್ತದೆ.