ಮಗುವಿನ ವಿದೇಶ ಪ್ರವಾಸಕ್ಕೆ ಮಾಜಿ ಪತಿ ಸಹಿ ಹಾಕದಿದ್ದಾಗ

ವಿಚ್ಛೇದನದ ಡಿಕ್ರಿಯಲ್ಲಿ (ಕೋರ್ಟಿನ ತೀರ್ಪಿನಲ್ಲಿ) 'ಮಗು ತಾಯಿಯ ಸುಪರ್ದಿಗೆ' ಅಂತಿದ್ದ ಮಾತ್ರಕ್ಕೆ ವಿಮಾನ ಹತ್ತಿಸಬಹುದು ಎಂದಲ್ಲ. ತಂದೆಗೆ ಭೇಟಿಯ ಹಕ್ಕಿದ್ದು, ಅವರು ಒಪ್ಪದಿದ್ದರೆ ಕೋರ್ಟಿನ ಅನುಮತಿ ತರುವುದೇ ಕ್ಷೇಮ.

ಮಗುವಿನ ಪಾಸ್‌ಪೋರ್ಟ್ ಅರ್ಜಿಯ ಜೊತೆ ಪೋಷಕರ ಘೋಷಣಾ ಪತ್ರ ಕೊಡಬೇಕು: ಇಬ್ಬರೂ ಒಪ್ಪಿದರೆ ಅನುಬಂಧ ಡಿ, ಒಬ್ಬರೇ ಆದರೆ ಅನುಬಂಧ ಸಿ. ಬಿಳಿ ಹಾಳೆ ಸಾಕು, ನೋಟರಿ ಬೇಡ. ಕೇಸು ಬಾಕಿ ಇದ್ದರೆ ಮುಚ್ಚಿಡಬೇಡಿ. ಮಾಹಿತಿ ಮರೆಮಾಚಿ ಪಡೆದ ಪಾಸ್‌ಪೋರ್ಟನ್ನು ಜಪ್ತಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ.

ಕೋರ್ಟಿನ ಅನುಮತಿಗೆ ಕೆಲಸಕ್ಕೆ ಬರುವುದು ಕೌಟುಂಬಿಕ ನ್ಯಾಯಾಲಯದಲ್ಲಿ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ (ಮಕ್ಕಳ ಸುಪರ್ದಿಗೆ ಸಂಬಂಧಿಸಿದ್ದು) ಹಾಕುವ ಅರ್ಜಿ. ಅಕ್ರಮವಾಗಿ ಬೇರೆ ದೇಶಕ್ಕೆ ಕರೆದೊಯ್ದ ಮಗುವನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ 'ವಾಪಸ್ ಕರೆತರದಿದ್ದರೆ?' ಎಂಬ ಭಯವೇ ಎದುರು ಪಕ್ಷದ ದೊಡ್ಡ ವಾದ. ಅದಕ್ಕೆ ಉತ್ತರ ಅರ್ಜಿಯಲ್ಲೇ ಇರಲಿ: ಹೋಗಿ ಬರುವ ದಿನಾಂಕ, ತಂಗುವ ವಿಳಾಸ, ಶಾಲೆ ಮತ್ತೆ ಶುರುವಾಗುವ ದಿನ, ವಿಡಿಯೊ ಕರೆಯ ಸಮಯ, ತಪ್ಪಿಹೋದ ಭೇಟಿಗೆ ಬದಲಿ ದಿನಗಳು, ಮರಳುವ ಮುಚ್ಚಳಿಕೆ. ಬದಲಿ ದಿನಗಳನ್ನು ಕೇಳುವ ಮೊದಲೇ ಕೊಟ್ಟರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಎಡವುವುದು ಆದೇಶದ ಒಕ್ಕಣೆಯಲ್ಲಿ. 'ಪ್ರಯಾಣಕ್ಕೆ ಅನುಮತಿಸಿದೆ' ಎಂದಷ್ಟೇ ಇದ್ದರೆ ವೀಸಾ ಕೌಂಟರಿನಲ್ಲಿ ಮತ್ತೆ ತಂದೆಯ ಸಹಿ ಕೇಳಬಹುದು. 'ಪಾಸ್‌ಪೋರ್ಟ್, ವೀಸಾ ಎರಡಕ್ಕೂ ತಂದೆಯ ಸಹಿ ಅಗತ್ಯವಿಲ್ಲ' ಎಂಬ ಸಾಲು, ದೇಶದ ಹೆಸರು, ಪಾಸ್‌ಪೋರ್ಟಿನಲ್ಲಿರುವಂತೆಯೇ ಮಗುವಿನ ಹೆಸರಿನ ಕಾಗುಣಿತ ಬೇಕೆಂದು ಅರ್ಜಿಯ ಕೋರಿಕೆಯಲ್ಲೇ ಬರೆಯಿರಿ. ಮಗುವಿನ ಹಳೆಯ ಪಾಸ್‌ಪೋರ್ಟ್ ತಂದೆಯ ಬಳಿಯಿದ್ದರೆ ಅದನ್ನು ಕೊಡಿಸುವಂತೆಯೂ ಕೇಳಿ.

ಆದೇಶದ ದೃಢೀಕೃತ ನಕಲು ಮೂರು ತೆಗೆಸಿ. ಹಣ ವಾಪಸಾಗದ ಟಿಕೆಟನ್ನು ಆದೇಶ ಕೈಗೆ ಬರುವ ತನಕ ಕೊಳ್ಳಬೇಡಿ. ಪ್ರವಾಸದಿಂದ ಮರಳಿದ ವಾರದಲ್ಲೇ ಪಾಸ್‌ಪೋರ್ಟಿನಲ್ಲಿ ಆಗಮನದ ಮುದ್ರೆಯಿರುವ ಪುಟದ ನಕಲನ್ನು ಮೆಮೊ (ಚಿಕ್ಕ ಲಿಖಿತ ಟಿಪ್ಪಣಿ) ಜೊತೆ ಕೋರ್ಟಿಗೆ ಸಲ್ಲಿಸಿದರೆ ಮುಂದಿನ ಅರ್ಜಿ ಸಲೀಸು.