ಕರ್ನಲ್ ಪ್ಯಾಚಿಗೆ ಕಿರ್ದಿ-ಖತಾವಣಿ: ನನ್ನ ಅನುಭವ

"ಡಾಕ್ಯುಮೆಂಟೇಶನ್ ಪ್ಯಾಚ್ ಕಳಿಸಿ ಯಾರ್ ಉದ್ಧಾರ ಆಗ್ಯಾರ?" ಅಂತ ಕೇಳಿದ ಗೆಳೆಯ ಬೆಂಗಳೂರಿನಲ್ಲಿದ್ದಾನೆ. ಒಳ್ಳೆ ಕೆಲಸ, ಒಳ್ಳೆ ಸಂಬಳ. ಅವನು ಕೇಳಿದ್ದು 2021ರಲ್ಲಿ, ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮಾಳಿಗೆ ಕೋಣೆಯಿಂದ ಈಚಿನ ಎರಡು ವರ್ಷಗಳಲ್ಲಿ ಲಿನಕ್ಸ್ ಕರ್ನಲ್‌ಗೆ (ಲಿನಕ್ಸ್ ವ್ಯವಸ್ಥೆಯ ತಿರುಳಿಗೆ) ಸುಮಾರು ತೊಂಬತ್ತು ಪ್ಯಾಚ್, ಅಂದರೆ ತಿದ್ದುಪಡಿ, ಹೋಗಿವೆ. ಎಪ್ಪತ್ತರ ಮೇಲೆ ಒಳಗೆ ಸೇರಿವೆ, ಹೆಚ್ಚಿನವು ಎರಡನೇ ಸುತ್ತಿನಲ್ಲೇ. ಲೆಕ್ಕದ ವಹಿ ತೆಗೆದು ಎಣಿಸಿ ಹೇಳುತ್ತಿಲ್ಲ, ನಾಲ್ಕೈದು ಆಚೀಚೆ ಆಗಬಹುದು.

ಕೋಡಿನ ಬದಲಾವಣೆ ದಾಖಲಿಸುವ ಗಿಟ್, ಪ್ಯಾಚಿನ ಶೈಲಿಯ ತಪ್ಪು ಹಿಡಿಯುವ ಚೆಕ್‌ಪ್ಯಾಚ್, ಪ್ಯಾಚ್ ಯಾರಿಗೆ ಕಳಿಸಬೇಕು ಅಂತ ಹೇಳುವ ಗೆಟ್-ಮೇಂಟೇನರ್ ಬಲ್ಲವರಿಗಾಗಿ ಇದು. ಅವನ್ನೆಲ್ಲ ಇಲ್ಲಿ ಕಲಿಸಲು ಕೂರುವುದಿಲ್ಲ.

ಮೊದಲು ಮಣ್ಣು ಮುಕ್ಕಿದ ಕಥೆ. 2019ರ ಮಳೆಗಾಲದಲ್ಲಿ ಕರ್ನಲ್ ಟ್ರೀ, ಅಂದರೆ ಅದರ ಇಡೀ ಮೂಲ ಕೋಡು, ಕ್ಲೋನ್ ಮಾಡಿ ಇಳಿಸಿಕೊಳ್ಳಲು ಕುಳಿತೆ. ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಕ್ಲೋನ್ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮತ್ತೆ ಸೊನ್ನೆಯಿಂದಲೇ ಶುರು. ಹೀಗೆ ಮೂರು ಸಲ. ಡೇಟಾ ಪ್ಯಾಕಿಗೇ ಏಳೆಂಟು ನೂರು ರೂಪಾಯಿ ಹೋಯಿತು. ಕರ್ನಲ್ ಡಾಟ್ ಆರ್ಗ್‌ನಲ್ಲಿ ಇಡೀ ಟ್ರೀಯ ಬಂಡಲ್ ಫೈಲ್ ಸಿಗುತ್ತದೆ, ಅದನ್ನು ಡೌನ್‌ಲೋಡ್ ಮಾಡುವ ಡಬ್ಲ್ಯೂಗೆಟ್ಟಿನಿಂದ ಬಿಟ್ಟಲ್ಲಿಂದಲೇ ಎಳೆದುಕೊಳ್ಳಬಹುದು ಅಂತ ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

ಮೊದಲ ಪ್ಯಾಚನ್ನು ಬ್ರೌಸರ್‌ನ ಮೇಲ್‌ನಲ್ಲಿ ಅಂಟಿಸಿ ಕಳಿಸಿದೆ. ಟ್ಯಾಬ್‌ಗಳೆಲ್ಲ ಸ್ಪೇಸ್ ಆದವು, ಸಾಲುಗಳು ನಡುವೆ ಮುರಿದವು. ಪ್ಯಾಚ್ ಅಪ್ಲೈ ಆಗುತ್ತಿಲ್ಲ ಅಂತ ಒಂದೇ ಸಾಲಿನ ಉತ್ತರ ಬಂತು. ಹಾಗೆ ಮಾಡಬೇಡಿ ಅಂತ ಕರ್ನಲ್‌ನ ದಸ್ತಾವೇಜಿನಲ್ಲೇ ಸ್ಪಷ್ಟವಾಗಿ ಬರೆದಿದೆ, ನಾನು ಓದಿರಲಿಲ್ಲ. ಅದಾದ ಮೇಲೆ ಒಂದೇ ದಿನ ಹನ್ನೆರಡು ಪ್ಯಾಚ್ ಕಳಿಸಿದೆ, ಎಲ್ಲವೂ ಚೆಕ್‌ಪ್ಯಾಚ್ ತೋರಿಸಿದ ಸ್ಪೇಸು, ಬ್ರಾಕೆಟ್ಟು. ಇನ್ನೂ ಪಕ್ವವಾಗದ ಕೋಡಿನ ಸ್ಟೇಜಿಂಗ್ ವಿಭಾಗ ಬಿಟ್ಟು ಬೇರೆ ಕಡೆ ಇಂಥ ಗುಡಿಸುವ ಕೆಲಸ ಯಾರಿಗೂ ಬೇಕಿಲ್ಲ. ಬೈಸಿಕೊಂಡೆ, ಸರಿಯಾಗಿಯೇ ಬೈಸಿಕೊಂಡೆ.

ಎಲ್ಲಕ್ಕಿಂತ ದೊಡ್ಡ ಪೆದ್ದುತನ ಸರ್ವರ್. "ಕರ್ನಲ್ ಕೆಲಸ ಅಂದ ಮೇಲೆ ಮಷೀನ್ ಬೇಕೇ ಬೇಕು" ಅಂತ ಬೆಂಗಳೂರಿನಿಂದ ಹಳೆಯ ರ‍್ಯಾಕ್ ಸರ್ವರ್ ತರಿಸಿದೆ. ಮೂವತ್ತನಾಲ್ಕು ಸಾವಿರ, ಲಾರಿ ಬಾಡಿಗೆ ಬೇರೆ. ಅದರ ಫ್ಯಾನ್ ಸದ್ದಿಗೆ ಕೆಳಗಿನ ಮನೆಯವರು ಹಿಟ್ಟಿನ ಗಿರಣಿ ಹಾಕಿದ್ದೀರಾ ಅಂತ ಕೇಳಲು ಬಂದರು. ಕರೆಂಟ್ ಬಿಲ್ ತಿಂಗಳಿಗೆ ಹತ್ತಿರಹತ್ತಿರ ಎರಡು ಸಾವಿರ ಏರಿತು. ಎಂಟು ತಿಂಗಳಿಗೆ ಒಂಬತ್ತು ಸಾವಿರಕ್ಕೆ ಮಾರಿದೆ. ದಸ್ತಾವೇಜಿನ ಕೆಲಸಕ್ಕೆ 8 ಜಿಬಿಯ ಲ್ಯಾಪ್‌ಟಾಪ್ ಧಾರಾಳ ಸಾಕು. ಇಡೀ ಎಚ್‌ಟಿಎಂಎಲ್‌ಡಾಕ್ಸ್ (ದಸ್ತಾವೇಜಿನ ಎಲ್ಲ ವೆಬ್ ಪುಟ) ಕಟ್ಟುವುದು ಬೇಡ, ಸ್ಫಿಂಕ್ಸ್‌ಡಿರ್ಸ್ ಕೊಟ್ಟು ಬೇಕಾದ ಒಂದೇ ಡೈರೆಕ್ಟರಿ ಕಟ್ಟಬಹುದು. ಡ್ರೈವರ್ (ಯಂತ್ರಭಾಗ ನಡೆಸುವ ಕೋಡು) ಆದರೂ ಅಷ್ಟೇ, ಹೆಚ್ಚಿನ ಎಚ್ಚರಿಕೆ ತೋರಿಸುವ ಡಬ್ಲ್ಯೂ=1 ಹಾಕಿ ಅದೊಂದು ಫೋಲ್ಡರ್ ಮಾತ್ರ ಮೇಕ್ ಮಾಡಿದರೆ ಕರ್ನಲ್-ಡಾಕ್, ಅಂದರೆ ಕೋಡಿನೊಳಗಿನ ವಿವರಣೆಯ, ಎಚ್ಚರಿಕೆಗಳೂ ಅಲ್ಲೇ ಸಿಗುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪ ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಹತ್ತಿ, ಮೆಣಸಿನಕಾಯಿ, ಶೇಂಗಾ. 2021ರ ದೀಪಾವಳಿ ಪಾಡ್ಯದ ದಿನ ನನ್ನ ಮುಖ ನೋಡಿ ಕೇಳಿದರು, "ಯಾಕವಾ, ಹಬ್ಬದ ದಿನ ಮಾರಿ ಹಿಂಗ್ಯಾಕ?"

"ಹದಿನಾಕು ಕಳಿಸಿದ್ನೆಪಾ. ಎಲ್ಲಾ ವಾಪಸ್ ಬಂದ್ವು."

"ಯಾಕ್ ಬಂದ್ವು ಅಂತ ಬರದಿಟ್ಟೀಯೇನು?"

"ಮೇಲ್‌ನ್ಯಾಗ ಅದಾವಲ್ಲ."

"ಮೇಲ್‌ನ್ಯಾಗ ಇದ್ರ ಅದು ಕಿರ್ದಿ ಆತು. ಖತಾವಣಿ ಎಲ್ಲೈತಿ?"

ದಿನದಿನದ ವ್ಯವಹಾರ ಬಂದ ಹಾಗೆ ಬರೆಯುವುದು ಕಿರ್ದಿ. ಅದನ್ನೇ ಖಾತೆವಾರು ಎತ್ತಿ ಬರೆಯುವುದು ಖತಾವಣಿ. ಯಾರ ಬಾಕಿ ಎಷ್ಟು ಅಂತ ಕಿರ್ದಿ ನೋಡಿದರೆ ತಿಳಿಯುವುದಿಲ್ಲ. ದುರ್ಗದ ಬೈಲ್‌ನಲ್ಲಿ ನೂರಾ ನಲವತ್ತು ಕೊಟ್ಟು ಗಟ್ಟಿ ರಟ್ಟಿನ ವಹಿ ತಂದೆ. ಆ ಹದಿನಾಲ್ಕು ಪ್ಯಾಚಿಗೆ ಬಂದ ಒಂದೊಂದು ಆಕ್ಷೇಪವನ್ನೂ ಖಾತೆಗೆ ಹಾಕಿದೆ. ಖಾತೆಗಳ ಹೆಸರು ನನ್ನವೇ: ಕಾರಣ ಬರೆದಿಲ್ಲ, ಒಂದರಲ್ಲೇ ಎರಡು ಕೆಲಸ, ತಪ್ಪು ಮನೆಗೆ ಹೋಯ್ತು, ಹೊತ್ತಲ್ಲದ ಹೊತ್ತು, ಸಾಬೀತಿಲ್ಲ. ನಾನು ಅಂದುಕೊಂಡಿದ್ದು ನನ್ನ ಸಿ ಕೋಡ್ ಸರಿಯಿಲ್ಲ ಅಂತ. ಖತಾವಣಿ ಹೇಳಿದ್ದೇ ಬೇರೆ. ಕೋಡಿನ ತಪ್ಪು ಎರಡೇ. ಒಂಬತ್ತು ಪ್ಯಾಚು "ಕಾರಣ ಬರೆದಿಲ್ಲ" ಖಾತೆಗೆ ಹೋದವು. ಏನು ಬದಲಿಸಿದೆ ಅಂತ ಎಲ್ಲದರಲ್ಲೂ ಬರೆದಿದ್ದೆ, ಯಾಕೆ ಬದಲಿಸಿದೆ ಅಂತ ಒಂದರಲ್ಲೂ ಇರಲಿಲ್ಲ.

ಆ ಖತಾವಣಿಯಿಂದ ನಮ್ಮದೇ ಒಂದು ಪುಟದ ದಸ್ತಾವೇಜು ಹುಟ್ಟಿತು. ಅಷ್ಟೊತ್ತಿಗೆ ಜತೆಗೆ ನಾಲ್ವರು ಸೇರಿದ್ದರು, ಇಬ್ಬರು ಧಾರವಾಡದವರು, ಒಬ್ಬಳು ಹಾವೇರಿಯವಳು, ಒಬ್ಬ ಗದಗ-ಬೆಟಗೇರಿಯವನು. ಒಂದೇ ತಪ್ಪಿಗೆ ಎರಡು ಪ್ಯಾಚ್ ವಾಪಸ್ ಬರದೆ ಆ ಪುಟಕ್ಕೆ ಹೊಸ ಸಾಲು ಸೇರುವುದಿಲ್ಲ. ಆರು ತಿಂಗಳು ಯಾರೂ ಎಡವದ ಸಾಲನ್ನು ಹೊಡೆದು ಹಾಕುತ್ತೇವೆ. ಎಡವಿದವರೇ ಬರೆಯಬೇಕು, ನಾನು ಬರೆದುಕೊಡುವುದಿಲ್ಲ. ಬರೆದದ್ದನ್ನು ಹೊಸಬರೊಬ್ಬರು ಅಕ್ಷರಶಃ ಪಾಲಿಸಿ ನೋಡುತ್ತಾರೆ, ಬರೆದವರು ಪಕ್ಕದಲ್ಲೇ ಕೂತಿದ್ದರೂ ಬಾಯಿ ಬಿಡುವ ಹಾಗಿಲ್ಲ. ಫಿಕ್ಸಸ್ ಸಾಲಿನಲ್ಲಿ (ಯಾವ ಹಳೆಯ ಬದಲಾವಣೆಯ ತಪ್ಪು ತಿದ್ದಿದೆ ಅಂತ ಹೇಳುವ ಸಾಲು) ಆ ಬದಲಾವಣೆಯ ಗುರುತಾದ ಕಮಿಟ್ ಐಡಿಯ ಕನಿಷ್ಠ 12 ಅಕ್ಷರ ಇರಬೇಕು ಅನ್ನುವ ಸಾಲು ಹೀಗೇ ಬಂತು. ನಮ್ಮವನೊಬ್ಬ ಎರಡು ಸಲ ಏಳೇ ಹಾಕಿ ಕಳಿಸಿದ್ದ. ಗಿಟ್‌ನಲ್ಲಿ ಕೋರ್ ಅಬ್ರೆವ್ 12 ಅಂತ ಇಟ್ಟ ಮೇಲೆ ಯಾರೂ ಎಡವಲಿಲ್ಲ, ಸಾಲು ಹೊಡೆದು ಹಾಕಿದೆವು. ಕೋಡಿನ ಸಾಲು ಎಷ್ಟು ಉದ್ದ ಇರಬೇಕು ಅನ್ನುವುದು ಮಾತ್ರ ಇನ್ನೂ ಪುಟದಲ್ಲಿದೆ. 2020ರಲ್ಲಿ ಚೆಕ್‌ಪ್ಯಾಚ್ ತನ್ನ ಎಚ್ಚರಿಕೆಯನ್ನು 80ರಿಂದ 100 ಅಂಕಣಕ್ಕೆ ಸಡಿಲಿಸಿತು. ಕೋಡಿಂಗ್ ಸ್ಟೈಲ್ ದಸ್ತಾವೇಜು ಇವತ್ತಿಗೂ 80ನ್ನೇ ಮೆಚ್ಚುತ್ತದೆ. ಚೆಕ್‌ಪ್ಯಾಚ್ ಸುಮ್ಮನಿದೆ ಅಂದರೆ ಆ ಭಾಗ ನೋಡಿಕೊಳ್ಳುವ ಮೇಂಟೇನರ್ ಸುಮ್ಮನಿರುತ್ತಾರೆ ಅಂತ ಹೇಗೆ ಹೇಳುತ್ತೀರಿ?

ಗೆಳೆಯ ನಕ್ಕಿದ್ದು ಮುಖ್ಯವಾಗಿ ನಮ್ಮ ಶನಿವಾರದ ರಿವ್ಯೂಗೆ, ಅಂದರೆ ಪ್ಯಾಚ್ ಪರಿಶೀಲನೆಗೆ. ಪ್ಯಾಚನ್ನು ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸುತ್ತೇವೆ, ಪುಟಕ್ಕೆ ಎರಡು ರೂಪಾಯಿ. ಗಿರ್ಮಿಟ್, ಮಿರ್ಚಿ ಭಜಿ ಬರುತ್ತವೆ. ಎಣ್ಣೆ ಕೈ ಕಾಗದಕ್ಕೆ ತಾಗಬಾರದು ಅಂತ ಮೊದಲು ರಿವ್ಯೂ, ಆಮೇಲೆ ಭಜಿ. ಪ್ಯಾಚ್ ಬರೆದವರು ಮೊದಲು ಮಾತಾಡುವಂತಿಲ್ಲ. ಬೇರೊಬ್ಬರು ಕಾಗದ ಓದಿ, ಈ ಬದಲಾವಣೆ ಯಾಕೆ ಬೇಕು ಅಂತ ಕನ್ನಡದಲ್ಲಿ ಹೇಳಬೇಕು. ಹೇಳಲು ಆಗಲಿಲ್ಲ ಅಂದರೆ ಕಮಿಟ್ ಸಂದೇಶ (ಪ್ಯಾಚಿನ ಜತೆಯ ವಿವರಣೆ) ನಪಾಸು, ಕೋಡ್ ನೋಡುವುದೇ ಇಲ್ಲ. "ಇದೇನು ಝೆರಾಕ್ಸ್ ರಿವ್ಯೂ? ಗಿಟ್ 2005ರಾಗ ಬಂದೈತಿ, ಗೊತ್ತೈತಿಲ್ಲೋ?" ಅಂತ ಅವನ ಕುಹಕ.

ಆ ಕಾಗದ ಏನು ಮಾಡುತ್ತದೆ ಅಂತ ಒಂದು ಸಂಜೆಯದನ್ನು ಹೇಳುತ್ತೇನೆ. ಹಾವೇರಿಯ ಹುಡುಗಿ ಒಂದು ಸೆನ್ಸರ್ ಡ್ರೈವರ್‌ಗೆ ಕರ್ನಲ್-ಡಾಕ್ ಕಾಮೆಂಟ್ ಸರಿಪಡಿಸಿದ್ದಳು. ಪ್ಯಾರಾಮೀಟರ್ ಒಂದರ ವಿವರಣೆ ಇಲ್ಲ ಅಂತ ಎಚ್ಚರಿಕೆ ಬರುತ್ತಿತ್ತು, ಅದನ್ನು ಸೇರಿಸಿದ್ದಳು. ಕೆಳಗಿನ ರಿಟರ್ನ್ ಸಾಲು ಮೊದಲಿನಿಂದ ಇದ್ದದ್ದೇ: ಯಶಸ್ಸಾದರೆ 0, ಇಲ್ಲವಾದರೆ ಋಣ ಸಂಖ್ಯೆಯ ದೋಷ. ಧಾರವಾಡದ ಹುಡುಗ ಕೆಂಪು ಪೆನ್ನು ಹಿಡಿದು ಫಂಕ್ಷನ್‌ನ ಕೊನೆಯ ಸಾಲಿಗೆ ಬಂದವನು ನಿಂತ. "ಅಕ್ಕಾರ, ಇದು ಐ-ಟು-ಸಿ ಮಾಸ್ಟರ್ ರಿಸೀವ್ ಕೊಟ್ಟದ್ದನ್ನ ಹಂಗ ವಾಪಸ್ ಕೊಡ್ತೈತಿ. ಅದು ಎಷ್ಟು ಬೈಟ್ ಬಂದ್ವು ಅಂತ ಹೇಳೂದಲ್ರಿ? ಸೊನ್ನಿ ಎಲ್ಲಿಂದ ಬರಬೇಕು?" ಐ-ಟು-ಸಿ ಮಾಸ್ಟರ್ ರಿಸೀವ್ ಅಂದರೆ ಸೆನ್ಸರ್‌ನಿಂದ ಬೈಟ್ ಓದುವ ಫಂಕ್ಷನ್. ಸರಿ, ಕಾಮೆಂಟೇ ಸುಳ್ಳು. ಕರೆಯುವ ಕಡೆ ಹೋಗಿ ನೋಡಿದರೆ ಅಲ್ಲಿ ಋಣವೋ ಅಲ್ಲವೋ ಅಂತ ಮಾತ್ರ ಪರೀಕ್ಷೆ. ಎರಡು ಬೈಟ್ ಕೇಳಿ ಒಂದೂ ಬರದೆ ಸೊನ್ನೆ ವಾಪಸ್ ಬಂದರೂ ಡ್ರೈವರ್ ಎಲ್ಲ ಸರಿ ಅಂದುಕೊಂಡು ಅರ್ಥವಿಲ್ಲದ ಅಂಕಿಯನ್ನೇ ಮೇಲೆ ಕಳಿಸುತ್ತಿತ್ತು. ಎಚ್ಚರಿಕೆಯೊಂದನ್ನು ಬಾಯಿ ಮುಚ್ಚಿಸಲು ಹೊರಟ ಪ್ಯಾಚು ಬಗ್ ಹಿಡಿಯಿತು.

ಅವಳು ಎರಡನ್ನೂ ಒಂದೇ ಪ್ಯಾಚಿನಲ್ಲಿ ಹಾಕಲು ಹೊರಟಳು. ಖತಾವಣಿ ತೋರಿಸಿದೆ: ಒಂದರಲ್ಲೇ ಎರಡು ಕೆಲಸ, ಮೂರು ಬಾಕಿ. ಬಗ್ ತಿದ್ದುಪಡಿ ಮೊದಲ ಪ್ಯಾಚು, ಫಿಕ್ಸಸ್ ಸಾಲಿನೊಂದಿಗೆ, ದಸ್ತಾವೇಜು ಎರಡನೆಯದು. ಬಿಡುಗಡೆಯಾದ ಕರ್ನಲ್‌ಗಳಿಗೆ ತಿದ್ದುಪಡಿ ಸೇರಿಸುವ ಸ್ಟೇಬಲ್‌ನವರು ಮೊದಲನೆಯದನ್ನಷ್ಟೇ ಎತ್ತಿಕೊಂಡು ಹೋಗಲು ಬರಬೇಕು. ಎರಡೂ ಸೇರಿದವು, ಮೊದಲ ಸುತ್ತಿನಲ್ಲೇ. ಆ ಶನಿವಾರ ಭಜಿ ದುಡ್ಡು ನಾನು ಕೊಟ್ಟೆ.

ಸರಣಿಯ ಪ್ರತಿಯೊಂದು ಪ್ಯಾಚೂ ತಾನಾಗಿಯೇ ಬಿಲ್ಡ್ ಆಗಬೇಕು, ಇಲ್ಲವಾದರೆ ಮುಂದೆ ಬೈಸೆಕ್ಟ್ ಮಾಡುವವರು, ಅಂದರೆ ಯಾವ ಪ್ಯಾಚಿನಿಂದ ಬಗ್ ಬಂತು ಅಂತ ಹುಡುಕುವವರು, ಶಾಪ ಹಾಕುತ್ತಾರೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಬೆಟಗೇರಿಯವನ ಮನೆಯಲ್ಲಿ ಕೈಮಗ್ಗ ಇದೆ. ಅವನು ಒಂದೇ ಮಾತಿನಲ್ಲಿ ಮುಗಿಸಿದ: "ಎಳಿ ಹರದ್ರ ಅಲ್ಲೇ ಗಂಟು ಹಾಕಬೇಕ್ರಿ. ನಾಕು ಮೊಳ ನೇದ ಮ್ಯಾಲೆ ಹಾಕ್ತೀನಂದ್ರ ಸೀರಿ ಯಾರು ತಗೋತಾರ?" ಈಗ ನಮ್ಮ ಪುಟದಲ್ಲಿ ಆ ಸಾಲು ಅವನ ಮಾತಿನಲ್ಲೇ ಇದೆ.

ಒಳಗಿನ ರಿವ್ಯೂಗೆ ನಾವು ರಿವ್ಯೂಡ್-ಬೈ (ಪರಿಶೀಲಿಸಿದವರ ಹೆಸರಿನ ಸಾಲು) ಹಾಕುವುದಿಲ್ಲ. ಮೊದಲ ಆವೃತ್ತಿಯಲ್ಲೇ ಒಂದೇ ಗುಂಪಿನ ನಾಲ್ಕು ಹೆಸರು ಕಂಡರೆ ಓದುವವರಿಗೆ ಮದುವೆ ಮನೆಯ ಉಡುಗೊರೆ ಪಟ್ಟಿ ನೋಡಿದ ಹಾಗಾಗುತ್ತದೆ. ನಮಗೆ ನಿಜವಾಗಿ ಗುರುತು ತಂದುಕೊಟ್ಟಿದ್ದು ಬೇರೆಯವರ ಪ್ಯಾಚಿನ ರಿವ್ಯೂ. ಅದಕ್ಕಿಂತ ಹೆಚ್ಚು, ಟೆಸ್ಟೆಡ್-ಬೈ, ಅಂದರೆ ಓಡಿಸಿ ನೋಡಿದವರ ಹೆಸರಿನ ಸಾಲು. ನಾಲ್ಕುನೂರು ಐನೂರು ರೂಪಾಯಿಯ ಸೆನ್ಸರ್ ಬೋರ್ಡು ತರಿಸಿ, ಪ್ಯಾಚ್ ಹಾಕಿ, ಓಡಿಸಿ, ಏನು ಕಂಡಿತು ಅಂತ ನಾಲ್ಕು ಸಾಲು ಬರೆದರೆ ಮೇಂಟೇನರ್‌ಗಳು ಹೆಸರು ನೆನಪಿಟ್ಟುಕೊಳ್ಳುತ್ತಾರೆ. ಹೀಗೆ ಕೊಂಡ ಬೋರ್ಡುಗಳು ಒಂದು ಡಬ್ಬಿ ತುಂಬ ಇವೆ, ಒಟ್ಟು ಆರೇಳು ಸಾವಿರದ ಮಾಲು. ಆ ಸರ್ವರ್‌ನ ದುಡ್ಡಿನಲ್ಲಿ ಇಂಥ ಐದು ಡಬ್ಬಿ ಬರುತ್ತಿದ್ದವು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕರ್ನಲ್‌ನ ಅನುವಾದಗಳ ಫೋಲ್ಡರ್‌ನಲ್ಲಿ ಚೀನಿ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಇವೆ. ನಮ್ಮದು ಯಾಕಿರಬಾರದು ಅಂತ ಪ್ಯಾಚ್ ಕಳಿಸುವ ವಿಧಾನದ ದಸ್ತಾವೇಜನ್ನು ಕನ್ನಡಕ್ಕೆ ತರಲು ಕುಳಿತೆವು. ಪ್ಯಾಚಿಗೆ "ತೇಪೆ" ಅಂದೆವು. ಮೂರನೇ ಪುಟಕ್ಕೆ ಕರ್ನಲ್ ಚಿಂದಿ ಕೌದಿಯಂತೆ ಕಾಣತೊಡಗಿತು. ಮತ್ತೆ ಪ್ಯಾಚ್ ಅಂತಲೇ ತಿದ್ದಿದೆವು. ಅರ್ಧ ಮುಗಿಯುವಷ್ಟರಲ್ಲಿ ಮೂಲ ಇಂಗ್ಲಿಷ್ ಬದಲಾಗಿತ್ತು. ಅನುವಾದ ಒಂದು ಸಲದ ಕೆಲಸ ಅಲ್ಲ, ಎಮ್ಮೆ ಸಾಕಿದ ಹಾಗೆ, ದಿನಾ ಮೇವು ಹಾಕಬೇಕು. ಕಳಿಸಲಿಲ್ಲ. ಆ ಅರ್ಧ ಕನ್ನಡವನ್ನು ಹೊಸಬರಿಗೆ ಓದಲು ಕೊಡುತ್ತೇವೆ, ಅಷ್ಟರಮಟ್ಟಿಗೆ ವ್ಯರ್ಥ ಆಗಿಲ್ಲ.

ದುಡ್ಡಿನ ಮಾತು. ದಸ್ತಾವೇಜಿನ ಪ್ಯಾಚಿಗೆ ನೇರವಾಗಿ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ. ಆದರೆ ನಮ್ಮ ಹೆಸರುಗಳನ್ನು ಕರ್ನಲ್‌ನ ಲಾಗ್‌ನಲ್ಲಿ (ಬದಲಾವಣೆಗಳ ದಾಖಲೆಯಲ್ಲಿ) ನೋಡಿಯೇ ಬೋರ್ಡು ತಯಾರಿಸುವ ಒಂದು ಕಂಪನಿ ತಮ್ಮ ಡ್ರೈವರ್‌ಗಳನ್ನು ಮುಖ್ಯ ಟ್ರೀಗೆ ಸೇರಿಸಿಕೊಡಿ ಅಂತ ಬಂತು. ಯಂತ್ರಭಾಗದ ವಿವರ ಹೇಗೆ ಬರೆಯಬೇಕು ಅಂತ ಹೇಳುವ ಹಳೆಯ ಟೆಕ್ಸ್ಟ್ ಬೈಂಡಿಂಗ್‌ಗಳನ್ನು ಯಾಮಲ್ ಅನ್ನುವ ರೂಪಕ್ಕೆ ತರುವುದೂ ಅದರಲ್ಲಿತ್ತು; ಅದನ್ನು ಪರೀಕ್ಷಿಸುವ ಡಿಟಿ ಬೈಂಡಿಂಗ್ ಚೆಕ್ ಪಾಸಾದರೆ ಮುಕ್ಕಾಲು ಕೆಲಸ ಆದಂತೆ, ಹೆಚ್ಚೇನೂ ಹೇಳುವುದಿಲ್ಲ. ಗಂಟೆಗೆ ಸಾವಿರದ ಇನ್ನೂರು. ಇನ್ನೊಂದು ಕಂಪನಿ ಕೆಲಸ ಮಾಡಿಸಿಕೊಂಡು ಅರವತ್ತು ಸಾವಿರ ಬಾಕಿ ಇಟ್ಟಿದೆ, ಫೋನ್ ಎತ್ತುವುದಿಲ್ಲ. ಅಪ್ಪನ ಭಾಷೆಯಲ್ಲಿ ಅದು ಮುಳುಗಿದ ಖಾತೆ. ಹೋದ ವರ್ಷ ಐವರಿಗೂ ಸೇರಿ ನಾಲ್ಕು ಲಕ್ಷದ ಆಜುಬಾಜು ಬಂದಿರಬೇಕು. ಬೆಂಗಳೂರಿನವರಿಗೆ ಅದು ಕಿಸೆ ಖರ್ಚು. ಹಾವೇರಿಯ ಹುಡುಗಿ ಅದರಲ್ಲೇ ಹೊಸ ಲ್ಯಾಪ್‌ಟಾಪ್ ಕೊಂಡಳು.

ಹೊತ್ತಿನ ಬಗ್ಗೆ ಒಂದಿಷ್ಟು ಹೇಳಬಹುದು. ಮರ್ಜ್ ವಿಂಡೋದ (ಮುಂದಿನ ಕರ್ನಲ್‌ಗೆ ಹೊಸ ಬದಲಾವಣೆಗಳನ್ನು ಒಳಗೆ ತೆಗೆದುಕೊಳ್ಳುವ) ಎರಡು ವಾರ ನಾವು ಹೊಸದೇನೂ ಕಳಿಸುವುದಿಲ್ಲ, ಆ ಹೊತ್ತಿಗೆ ಬೇರೆಯವರ ಪ್ಯಾಚ್ ಓದುತ್ತೇವೆ. ಅದು ಮುಗಿದು ಮೊದಲ ಪರೀಕ್ಷಾ ಆವೃತ್ತಿ ಆರ್‌ಸಿ1 ಬಂದ ಮೇಲೆ ಕಳಿಸುತ್ತೇವೆ. ಉತ್ತರ ಬರದಿದ್ದರೆ ವಾರ ಕಾಯದೆ ಕೆಣಕುವುದಿಲ್ಲ. ಯಾವ ಉಪವಿಭಾಗಕ್ಕೆ ಯಾವ ಆರ್‌ಸಿಯಲ್ಲಿ, ಯಾವ ವಾರ ಕಳಿಸಿದರೆ ಬೇಗ ಓದುತ್ತಾರೆ ಅನ್ನುವ ಪಟ್ಟಿ ಖತಾವಣಿಯ ಕೊನೆಯ ಹಾಳೆಯಲ್ಲಿದೆ. ಅದಕ್ಕೆ ಮೂರು ವರ್ಷ ಹಿಡಿದಿದೆ, ಇಲ್ಲಿ ಬರೆಯುವುದಿಲ್ಲ.

ಮೊನ್ನೆ ಅದೇ ಗೆಳೆಯ ಫೋನ್ ಮಾಡಿದ್ದ. ಅವನ ತಂಡದ ಪ್ಯಾಚ್ ಸರಣಿ ಆರನೇ ಆವೃತ್ತಿಗೆ ಹೋಗಿ ಕೂತಿದೆಯಂತೆ. ಸ್ವಲ್ಪ ಹೊತ್ತು ಮಳೆ, ಬೆಳೆ ಅಂತ ಸುತ್ತಿ ಬಳಸಿ ಮಾತಾಡಿ ಕೇಳಿದ, "ಆ ನಿನ್ನ ವಹಿದು ಫೋಟೋ ತಗದು ಕಳಸ್ತೀಯೇನು?" ಕಳಿಸಿದೆ. ಕೊನೆಯ ಹಾಳೆ ಬಿಟ್ಟು.